ಹಲ್ಲು ಕೀಳಿಸುವ ಮುಂಚಿನ ಧುನ್

ನಮ್ಮ ಭಾಗದಲ್ಲಿ ಲಗ್ನದ ವಿಡಿಯೋ ನೋಡಿದವರಿಗೆಲ್ಲ ನಮ್ಮ ಉಸ್ತಾದರ ಮುಖ ಗೊತ್ತು. ಅವರ ಕ್ಲಾರ್ನೆಟ್ ಹೇಗಿರುತ್ತದೆ ಎಂಬುದು ಮಾತ್ರ ಗೊತ್ತಿಲ್ಲ. ವಿಡಿಯೋದಲ್ಲಿ ಮದುಮಗ ಕುದುರೆಯ ಮೇಲೆ ಕೂತಿರುತ್ತಾನೆ, ಕುದುರೆಯ ಮುಂದೆ ಬ್ಯಾಂಡು, ಬ್ಯಾಂಡಿಗಿಂತ ತುಸು ಮುಂದೆ ಕೆಂಪು ಕೋಟಿನ ತೆಳ್ಳಗಿನ ಮನುಷ್ಯರೊಬ್ಬರು ಗಲ್ಲ ಉಬ್ಬಿಸಿ ಊದುತ್ತಿರುತ್ತಾರೆ. ಕೇಳಿಸುವುದು ಸಿನಿಮಾ ಹಾಡು. ರಸ್ತೆಯ ಗದ್ದಲವನ್ನೆಲ್ಲ ತೆಗೆದುಹಾಕಿ ಮೇಲೊಂದು ಹಾಡು ಹಚ್ಚಿ ಕೊಡುವುದು ವಿಡಿಯೋದವರ ಪದ್ಧತಿ. ಅವರ ಪಾಲಿಗೆ ನಾವೂ ಗದ್ದಲವೇ. ಹೀಗಾಗಿ ಹುಮನಾಬಾದಿನ ಅರ್ಧ ಊರಿನ ಲಗ್ನದ ವಿಡಿಯೋಗಳಲ್ಲಿ ಉಸ್ತಾದರು ಊದಿದಾಗೆಲ್ಲ ಕ್ಲಾರ್ನೆಟ್ಟಿನಿಂದ ಮುಂಬೈಯ ಗಾಯಕಿಯೊಬ್ಬಳ ದನಿ ಹೊರಬರುತ್ತದೆ. ಉಸ್ತಾದರಿಗೆ ಇದು ದೊಡ್ಡ ತಮಾಷೆ. ನನಗೆ ಅದರಲ್ಲಿ ತಮಾಷೆ ಕಂಡದ್ದೇ ಇಲ್ಲ. ಒಮ್ಮೆ ಇದೇ ವಿಷಯಕ್ಕೆ ವಿಡಿಯೋದವನ ಜೊತೆ ಜಗಳ ತೆಗೆದು ಊಟದ ಪಂಕ್ತಿಯಿಂದ ಎದ್ದು ಬಂದಿದ್ದೇನೆ.

ನಾನು ಬಸವಕಲ್ಯಾಣದವನು. ಅಲ್ಲಿ ನನ್ನದೊಂದು ಹೊಲಿಗೆ ಮಷಿನ್ ರಿಪೇರಿ ಅಂಗಡಿ ಇದೆ. ಲಗ್ನದ ದಿನಗಳಲ್ಲಿ ಅಂಗಡಿಯ ಶಟರ್ ಎಳೆದು ಹುಮನಾಬಾದಿನ ಬಸ್ಸು ಹತ್ತುತ್ತೇನೆ. ಉಸ್ತಾದರ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ನನ್ನದು. ಮೀಸೆ ಚಿಗುರುವ ವಯಸ್ಸಿನಲ್ಲಿ ಆ ವಾದ್ಯವನ್ನು ನನ್ನ ಕೊರಳಿಗೆ ಹಾಕಿ, ಊದಲು ಕಲಿಸಿದವರು ಅವರೇ. ಈಗ ನನ್ನ ಮೀಸೆಗೆ ಬಣ್ಣ ಹಚ್ಚುವ ಕಾಲ ಬಂದಿದೆ, ಅವರಿಗೆ ಎಪ್ಪತ್ತು ದಾಟಿದೆ. ಡಿಜೆ ಬಂದಮೇಲೆ ನಮ್ಮನ್ನು ಕರೆಯುವವರು ಕಡಿಮೆಯಾದರೂ ಹಿರಿಯರಿರುವ ಮನೆಗಳಲ್ಲಿ ಇನ್ನೂ ನಮಗೇ ಹೇಳಿ ಕಳಿಸುತ್ತಾರೆ.

ನಮ್ಮ ಬ್ಯಾಂಡಿನಲ್ಲಿ ಒಂದು ರೀತಿ ಇದೆ. ಮುಂದೆ ನಡೆಯುವ ಉಸ್ತಾದರು ಕ್ಲಾರ್ನೆಟ್ಟಿನಲ್ಲಿ ಒಂದು ಸಾಲು ಹೇಳುತ್ತಾರೆ. ಹಿಂದಿರುವ ನಾವೆಲ್ಲ ಅದೇ ಸಾಲನ್ನು ಒಟ್ಟಿಗೆ ತಿರುಗಿ ಹೇಳುತ್ತೇವೆ. ಇದಕ್ಕೆ ಜವಾಬ್ ಎನ್ನುತ್ತಾರೆ. ಜವಾಬಿನಲ್ಲಿ ನಮ್ಮದು ಅಂತ ಏನೂ ಸೇರಿಸುವ ಹಾಗಿಲ್ಲ, ಕೊಟ್ಟದ್ದನ್ನು ಕೊಟ್ಟ ಹಾಗೆ ವಾಪಸು ಕೊಡಬೇಕು. ಹೊಸದಾಗಿ ಸೇರಿದಾಗ ಹುಡಗಿ ಗ್ರಾಮದ ಒಂದು ಲಗ್ನದಲ್ಲಿ ನಾನು ಹುರುಪಿಗೆ ಬಿದ್ದು ಸಾಲಿನ ತುದಿಗೆ ನನ್ನದೊಂದು ತಿರುವು ಸೇರಿಸಿದೆ. ಉಸ್ತಾದರು ಗಕ್ಕನೆ ನಮ್ಮ ಕಡೆ ತಿರುಗಿದರು. ಊದುವುದನ್ನು ನಿಲ್ಲಿಸದೆ, ಹಿಂದುಹಿಂದಕ್ಕೆ ಹೆಜ್ಜೆ ಹಾಕುತ್ತ, ಹಂದರ ಮುಟ್ಟುವ ತನಕ ಕಣ್ಣು ಕೆಕ್ಕರಿಸಿ ನೋಡುತ್ತಲೇ ಬಂದರು. ಆಮೇಲೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಅವತ್ತಿನಿಂದ ಇವತ್ತಿನವರೆಗೆ ಜವಾಬಿನಲ್ಲಿ ನಾನು ಒಂದು ಸ್ವರ ಆಚೀಚೆ ಮಾಡಿದವನಲ್ಲ.

ಕಳೆದ ಚಳಿಗಾಲದಲ್ಲಿ ಇದನ್ನೆಲ್ಲ ಕೆದಕಿದವಳು ನನ್ನ ಮಗಳು. ಹುಮನಾಬಾದಿನ ಔಷಧ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಅವಳಿಗೆ ಕೆಲಸ. ದಿನಾ ಬಸ್ಸಿನಲ್ಲಿ ಹೋಗಿಬರುವಾಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಎಲ್ಲೆಲ್ಲಿಯದೋ ಸಂಗೀತ ಕೇಳುತ್ತಾಳೆ. ಒಂದು ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸಿನಲ್ಲಿದ್ದೆವು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು. ಅವಳು ತನ್ನ ಒಂದು ಕಿವಿಯದನ್ನು ತೆಗೆದು ನನ್ನ ಕಿವಿಗೆ ಇಟ್ಟಳು.

“ಅಪ್ಪಾ, ಇದು ಜಾಝ್. ಅಮೆರಿಕದ್ದು, ನೀ ಹುಟ್ಟೋಕಿಂತ ಮೊದ್ಲಿಂದು. ಪಿಯಾನೊ ಬಾರ್ಸಾಕತ್ತಾನಲ್ಲ, ಅವಾ ಹಿರಿಯಾ, ಭಾಳ ವರ್ಷ ದೊಡ್ಡ ಬ್ಯಾಂಡ್ ನಡಸ್ದಾಂವ. ಸ್ಯಾಕ್ಸ್ ಊದಾಂವ ಅವನ ಮುಂದ ಹುಡುಗ. ಇಬ್ರೂ ಕೂಡಿ ಒಂದು ರೆಕಾರ್ಡ್ ಮಾಡ್ಯಾರ. ನೀನೂ ಉಸ್ತಾದ್ ಅಜ್ಜಾನೂ ಇದ್ದಂಗೇ ಅದ ನೋಡು.”

“ಇನ್ನೂ ಶ್ರುತಿ ಕೂಡಸಾಕತ್ತಾರೇನು?” ಎಂದು ಚೇಷ್ಟೆ ಮಾಡಿದೆ. ಅವಳು ಕಣ್ಣು ಬಿಟ್ಟಳು, ಕಿವಿಗೊಟ್ಟು ಕೇಳತೊಡಗಿದೆ.

ಆ ಹಿರಿಯ ಹೆಚ್ಚು ನುಡಿಸುವುದೇ ಇಲ್ಲ. ನಾಲ್ಕು ಸ್ವರ ಇಟ್ಟು ಸುಮ್ಮನಾಗುತ್ತಾನೆ, ಬಂದವರಿಗೆ ಮಂಚದ ಮೇಲೆ ಸರಿದು ಜಾಗ ಮಾಡಿಕೊಡುವ ಹಾಗೆ. ಅಲ್ಲಿ ಆ ಹುಡುಗ ಬಂದು ಕೂತು ತನ್ನದೇ ಮಾತು ಆಡುತ್ತಾನೆ. ಹಿರಿಯ ಹೇಳಿದ್ದನ್ನು ಅವನು ತಿರುಗಿ ಹೇಳುವುದಿಲ್ಲ, ಎತ್ತಲೋ ಹೋಗಿ ಏನೋ ತೆಗೆದುಕೊಂಡು ಬರುತ್ತಾನೆ. ಈಗ ಹಿರಿಯ ಸಿಟ್ಟಾಗುತ್ತಾನೆ, ಈಗ ಕೆಕ್ಕರಿಸುತ್ತಾನೆ ಅಂತ ನಾನು ಕಾಯುತ್ತ ಕೂತೆ. ಅವನು ಸಿಟ್ಟಾಗಲೇ ಇಲ್ಲ. ಹುಮನಾಬಾದಿನಲ್ಲಿ ಎಲ್ಲರೂ ಇಳಿದರೂ ನಾನು ಕೂತೇ ಇದ್ದೆ, ಮಗಳು ರಟ್ಟೆ ಹಿಡಿದು ಎಬ್ಬಿಸಿದಳು.

ಅವತ್ತು ನಾನು ಹೊರಟಿದ್ದೂ ಉಸ್ತಾದರ ಮನೆಗೇ. ಹಳ್ಳಿಖೇಡದ ಒಂದು ಲಗ್ನದ ಮಾತು ಮುಗಿಸಿಕೊಂಡು ಬರುವುದಿತ್ತು. ಅವರ ಹೆಂಡತಿಯನ್ನು ನಾನು ಚಾಚಿ ಎನ್ನುತ್ತೇನೆ. ಬಾಗಿಲು ತೆರೆದ ಚಾಚಿ ಒಳಗೆ ಬಾ ಎನ್ನುವ ಮೊದಲೇ ಶುರುಮಾಡಿದರು.

“ಛಲೋ ಆಯ್ತು ಬಂದಿ ಬೇಟಾ. ಇವ್ರಿಗಿ ನೀನೇ ಹೇಳು. ಒಸಡು ಬಾತು ಕೀವು ತುಂಬ್ಯದ, ಜ್ವರ ಬರಾಕತ್ಯಾವ. ಸಕ್ಕರಿ ಬ್ಯಾನಿ ಬ್ಯಾರೆ. ಮ್ಯಾಲಿನ ಮುಂದಿನ ಹಲ್ಲು ಎಲ್ಲಾ ತಗೀಲೇಬೇಕು, ಇಲ್ಲಂದ್ರ ವಿಷ ಏರ್ತದ ಅಂತ ಡಾಕ್ಟರ್ ಹೇಳ್ಯಾರ. ಇವ್ರು ಇವತ್ತು ನಾಳಿ ಅಂತ ದೂಡಾಕತ್ತಾರ.”

ಉಸ್ತಾದರು ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿಯನ್ನು ಚಮಚದಿಂದ ತಿನ್ನುತ್ತಿದ್ದರು. ಬೇರೆ ಯಾರದೋ ಮನೆಯ ಸುದ್ದಿ ಎಂಬಂತೆ ತಲೆ ಎತ್ತಲಿಲ್ಲ. ಹಿಂದಿನ ಕೆಲವು ಲಗ್ನಗಳಲ್ಲಿ ಅವರು ಮೇಲಿನ ಸ್ವರಗಳನ್ನು ತಪ್ಪಿಸುತ್ತಿದ್ದುದು, ಬೆನ್ನು ತಿರುಗಿಸಿ ಹಲ್ಲಿಗೂ ವಾದ್ಯಕ್ಕೂ ನಡುವೆ ಮಡಚಿದ ಕಾಗದ ಇಟ್ಟುಕೊಳ್ಳುತ್ತಿದ್ದುದು ನನಗೆ ಆಗ ಅರ್ಥವಾಯಿತು. ಮೇಲಿನ ಹಲ್ಲು ಊರಿಯೇ ಕ್ಲಾರ್ನೆಟ್ ಹಿಡಿಯಬೇಕು. ಹಲ್ಲು ಹೋದರೆ ಹಿಡಿತ ಹೋಯಿತು. ಕಟ್ಟಿಸಿದ ಹಲ್ಲಿನಲ್ಲೂ ಊದುವವರು ಇದ್ದಾರಂತೆ, ಆದರೆ ಈ ವಯಸ್ಸಿನಲ್ಲಿ ಹೊಸ ಬಾಯಿ ಪಳಗಿಸುವುದು ಯಾರಿಗೆ ಆಗುತ್ತದೆ?

ನನಗೆ ಸಿಟ್ಟು ನೆತ್ತಿಗೇರಿತು. “ಜೀವಾ ಬ್ಯಾಡಾಗ್ಯದೇನ್ರಿ ನಿಮಗ?” ಎಂದು ಕೂಗಾಡಿದೆ. ಉಸ್ತಾದರು ಬಟ್ಟಲು ಕೆಳಗಿಟ್ಟು ಬಾಯಿ ಒರೆಸಿಕೊಂಡರು.

“ತಗಸ್ತೀನಪ್ಪಾ. ತಗಸಿದ ಮ್ಯಾಲ ಏನು ಊದ್ಲಿ?”

ಅವರು ಮೆತ್ತಗೆ ಕೇಳಿದರು. ಆಗಲೇ ನನಗೆ ಆ ವಿಡಿಯೋಗಳೆಲ್ಲ ನೆನಪಾದದ್ದು. ಇಷ್ಟು ವರ್ಷ ಊದಿದ ಈ ಮನುಷ್ಯರ ದನಿ ಎಲ್ಲಿಯೂ ಇಲ್ಲ. ಒಂದು ಕ್ಯಾಸೆಟ್ಟಿನಲ್ಲಿ ಇಲ್ಲ, ಒಂದು ಫೋನಿನಲ್ಲಿ ಇಲ್ಲ. ಆ ಹಲ್ಲುಗಳನ್ನು ಕಿತ್ತು ಬಟ್ಟಲಿಗೆ ಹಾಕಿದ ಗಳಿಗೆಗೆ ಆ ದನಿ ಇತ್ತು ಅನ್ನುವುದಕ್ಕೂ ಗುರುತು ಉಳಿಯುವುದಿಲ್ಲ. ನನಗೆ ಅಳು ಬಂತು, ತೋರಿಸಿಕೊಳ್ಳಬಾರದೆಂದು ಮಗಳು ಕಳಿಸಿದ್ದ ಜಾಝನ್ನು ಫೋನಿನಲ್ಲಿ ಹಚ್ಚಿದೆ.

ಉಸ್ತಾದರು ಕಣ್ಣು ಮುಚ್ಚಿ ಕೇಳಿದರು. “ಇದ್ರಾಗ ಮುದುಕ ಯಾರು?”

“ಪಿಯಾನೊ ಬಾರ್ಸಾಂವ ರೀ.”

“ನಸೀಬ್‌ದಾಂವ. ಅವನ ಹಲ್ಲು ಹೋದ್ರೂ ನಡೀತದ.”

ನಗು ತಡೆಯಲಾಗಲಿಲ್ಲ, ಚಾಚಿಯೂ ನಕ್ಕರು. ಅದೇ ಸಮಯ ಸಾಧಿಸಿ ನಾನು ಹೇಳಿಬಿಟ್ಟೆ, ನಾವೂ ಒಂದು ರೆಕಾರ್ಡ್ ಮಾಡೋಣ, ಹಲ್ಲು ಕೀಳಿಸುವ ಮುಂಚೆ, ನೀವು ಮತ್ತು ನಾನು. ಉಸ್ತಾದರು ಬೇಡ ಎನ್ನಲಿಲ್ಲ. ಯಾವ ಧುನ್ ಎಂದೂ ಕೇಳಲಿಲ್ಲ. ತಮ್ಮ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಅವರೇ ಕಟ್ಟಿದ ಧುನ್ ಒಂದಿದೆ. ಎಲ್ಲ ಲಗ್ನಗಳಲ್ಲೂ ಹೆಣ್ಣು ಕಾರು ಹತ್ತುವ ಹೊತ್ತಿಗೆ ಅದನ್ನು ನುಡಿಸುತ್ತೇವೆ. ಅದು ಬಿಟ್ಟು ಬೇರೆ ಯಾವುದನ್ನು ನುಡಿಸುವುದು? ಚಾಚಿ ಗಟ್ಟಿ ಹೆಂಗಸು. ಅಲ್ಲೇ ನಿಂತು ಡಾಕ್ಟರಿಗೆ ಫೋನ್ ಮಾಡಿ ಸೋಮವಾರ ಬೆಳಿಗ್ಗೆಗೆ ಗೊತ್ತುಮಾಡಿದರು. “ಸೋಮವಾರದ ತನಕ ನಿಂದು. ಆಮ್ಯಾಲ ನಂದು” ಎಂದು ನನಗೆ ತಾಕೀತು ಮಾಡಿದರು.

ಶನಿವಾರ ಹುಮನಾಬಾದಿನ ಒಂದು ರೆಕಾರ್ಡಿಂಗ್ ಕೋಣೆಗೆ ಹೋದೆವು. ಭಜನೆ ಪದ, ಜಾತ್ರೆ ಹಾಡು ರೆಕಾರ್ಡ್ ಮಾಡುವ ಜಾಗ ಅದು, ಗೋಡೆಗೆಲ್ಲ ಸ್ಪಂಜು ಹಚ್ಚಿತ್ತು. ಉಸ್ತಾದರು ಕೆಂಪು ಕೋಟು ಹಾಕಿಕೊಂಡೇ ಬಂದಿದ್ದರು. ಅವರನ್ನು ಕುರ್ಚಿಯಲ್ಲಿ ಕೂರಿಸಿ ಮುಂದೆ ಮೈಕು ಇಟ್ಟರು. ಊದಿದರು, ಉಸಿರು ಅರ್ಧಕ್ಕೇ ಕಡಿಯಿತು. ಮತ್ತೆ ಊದಿದರು, ಕೀಚು ದನಿ ಬಂತು. ಹಲ್ಲಿನ ನೋವೇ ಇರಬೇಕೆಂದು ನಾನು ಒಬ್ಬನೇ ನುಡಿಸಿ ನೋಡಿದೆ. ನನ್ನದೂ ಅದೇ ಗತಿ, ತಾಳ ಎಲ್ಲೋ ನಾನೆಲ್ಲೋ. ಅಷ್ಟರಲ್ಲಿ ಉಸ್ತಾದರು ಎದ್ದು ಊದುತ್ತ ಕೋಣೆಯೊಳಗೇ ನಡೆಯತೊಡಗಿದರು. ಧುನ್ ಸರಿಹೋಯಿತು, ಆದರೆ ಮೈಕು ಹಿಂದೆ ಉಳಿಯಿತು.

“ಅಜ್ಜಾ, ಅಲ್ಲಾಡಬ್ಯಾಡ್ರಿ, ಕೂಡ್ರಿ!” ಎಂದು ಗಾಜಿನ ಆಚೆಯಿಂದ ರೆಕಾರ್ಡಿಂಗಿನವನು ಕೂಗಿದ. ನಾನು ತೋಳೇರಿಸಿಕೊಂಡು ಎದ್ದೆ. ಉಸ್ತಾದರು ನನ್ನ ಕೈ ಹಿಡಿದರು.

“ಅವಂದೇನು ತಪ್ಪಿಲ್ಲ. ಕಾಲು ನಡದ್ರ ನನ್ನ ಉಸರು ನಡೀತದ. ಜಿಂದಗಿದಾಗ ಕೂತು ಯಾವಾಗ ಊದೀವಿ ಹೇಳು?”

ಖರೆ ಮಾತು. ನಾವು ಮೆರವಣಿಗೆಯ ಮಂದಿ. ನಮ್ಮ ಧುನ್‌ಗಳಿಗೆ ಮುಕ್ತಾಯ ಕೂಡ ಇಲ್ಲ, ಹಂದರ ಬಂದಾಗ ನಿಲ್ಲಿಸುತ್ತೇವೆ. ಮೆಟ್ಟಿಲು ಇಳಿಯುವಾಗ ಉಸ್ತಾದರು ಕೋಟಿನ ಗುಂಡಿ ಬಿಚ್ಚುತ್ತ, “ಆಗಲಿ ಬಿಡು, ಊರ ಮಂದಿ ಕೇಳ್ಯಾರಲ್ಲ” ಎಂದರು. ನನ್ನ ಸಮಾಧಾನಕ್ಕೆ ಹೇಳಿದ್ದು. ನನಗೆ ಸಮಾಧಾನವಾಗಲಿಲ್ಲ, ಉಳಿದದ್ದು ಭಾನುವಾರ ಒಂದೇ.

ದಾರಿ ಹುಡುಕಿದವಳು ಮಗಳು. ಅಂಗಿಯ ಕಾಲರಿಗೆ ಸಿಕ್ಕಿಸುವ ಸಣ್ಣ ಮೈಕುಗಳು ಸಿಗುತ್ತವೆ, ನಡೆಯುತ್ತಲೇ ಊದಿ ಎಂದಳು. ತನ್ನ ಜೊತೆ ಕೆಲಸ ಮಾಡುವವಳಿಂದ ಎರಡು ತಂದೂಬಿಟ್ಟಳು. ಆದರೆ ನಡೆಯುವುದೆಲ್ಲಿ? ಹೈವೇ ಬದಿಯ ಊರಿನಲ್ಲಿ ಲಾರಿಯ ಹಾರ್ನ್ ಕೇಳದ ರಸ್ತೆ ಸಿಗುವುದಿಲ್ಲ. ಭಾನುವಾರ ಗಂಜ್, ಅಂದರೆ ಧಾನ್ಯದ ಪೇಟೆ, ಬಂದ್ ಇರುತ್ತದೆಂದು ಉಸ್ತಾದರಿಗೆ ಹೊಳೆಯಿತು. ಅಲ್ಲಿಯ ಅಡತ್ ವ್ಯಾಪಾರಿಯೊಬ್ಬರ ಮನೆಯ ಲಗ್ನಗಳಿಗೆಲ್ಲ ನಾವೇ ಹೋಗಿದ್ದೆವು. ಅವರು ಕೇಳಿದ ಕೂಡಲೇ ಹೂಂ ಎಂದರು.

ತೊಗರಿ ಹರಾಜು ಹಾಕುವ ಉದ್ದನೆಯ ತಗಡಿನ ಶೆಡ್ಡು ಅದು. ಅವತ್ತು ಪಾರಿವಾಳಗಳನ್ನು ಬಿಟ್ಟರೆ ಯಾರೂ ಇರಲಿಲ್ಲ. ಚಾಚಿ ಮೆತ್ತಗೆ ಬೇಯಿಸಿದ ಖಿಚಡಿಯ ಡಬ್ಬಿ ಹಿಡಿದು ಬಂದು ಖಾಲಿ ಚೀಲಗಳ ಮೇಲೆ ಕೂತರು. ಮಗಳು ಇಬ್ಬರ ಕಾಲರಿಗೂ ಮೈಕು ಸಿಕ್ಕಿಸಿದಳು. ಉಸ್ತಾದರು ಮುಂದೆ, ನಾನು ಹಿಂದೆ, ಫೋನ್ ಹಿಡಿದು ಮಗಳು ಪಕ್ಕಕ್ಕೆ. ಹೊರಟೆವು. ಮೊದಲ ಸಾಲಿಗೇ ಮೈ ಜುಮ್ಮೆಂದಿತು. ನೋವಿದ್ದರೂ ಅದೇ ತುಂಬು ದನಿ. ಅವರು ಹೇಳಿದರು, ನಾನು ತಿರುಗಿ ಹೇಳಿದೆ. ಆ ತುದಿ ಮುಟ್ಟಿದಾಗ ಮಗಳು ಕೈ ಎತ್ತಿ ನಿಲ್ಲಿಸಿದಳು.

“ಅಪ್ಪಾ, ಅಜ್ಜಾ ಹೇಳಿದ್ದೇ ಹೇಳಾಕತ್ತಿ. ಅಜ್ಜಾಂದು ಒಂದೇ ರೆಕಾರ್ಡ್ ಮಾಡಿದ್ರ ಆಗ್ತಿತ್ತಲ್ಲ, ನೀ ಯಾಕ ಬೇಕು?”

“ನಿನಗೇನು ತಿಳೀತದ? ಇದು ನಮ್ಮ ರೀತಿ” ಎಂದು ಗದರಿದೆ. ಉಸ್ತಾದರು ಅವಳ ಕಡೆಯೇ ನಿಂತರು.

“ಹುಡುಗಿ ಖರೆ ಹೇಳಾಕತ್ತಾಳ. ಆ ಜಾಝ್‌ದಾಗ ಆ ಹುಡುಗ ತಿರುಗಿ ಹೇಳ್ಲಿಲ್ಲಲ್ಲ. ನಿನಗ ತೋಚಿದ್ದು ಹೇಳು.”

“ತೋಚಿದ್ದು ಹೇಳಿದ್ದಕ್ಕೇ ಹುಡಗಿ ಊರ ಲಗ್ನದಾಗ ನೀವು ಹ್ಯಾಂಗ ನೋಡಿದ್ರಿ, ಮರತ್ರೇನು?” ಎಂದೆ. ಮನಸ್ಸಿನಲ್ಲಿ ಇಷ್ಟು ವರ್ಷ ಕೂತಿದ್ದ ಮಾತು ಪಟ್ಟನೆ ಬಾಯಿಗೆ ಬಂದಿತ್ತು. ಉಸ್ತಾದರಿಗೆ ಯಾವ ಊರು, ಯಾವ ಲಗ್ನ, ಏನೂ ತಿಳಿಯಲಿಲ್ಲ. ಇಡೀ ಕಥೆ ಹೇಳಬೇಕಾಯಿತು. ಕೇಳುತ್ತ ಕೇಳುತ್ತ ಅವರ ಮುಖ ಅರಳಿತು.

“ಅಲ್ಲಪ್ಪಾ, ಅವತ್ತು ಕುದುರಿ ಬೆದರಿತ್ತು! ನಿಮ್ಮ ಮ್ಯಾಲ ಬಂದೀತಂತ ನಾ ಕುದುರಿ ನೋಡ್ಕೋತ ನಡದೀನಿ. ನೀ ಏನು ಊದಿದಿ ಅಂತ ಯಾರಿಗಿ ನೆನಪದ?”

ಚಾಚಿ ಚೀಲದ ಮೇಲೆ ಕೂತಲ್ಲೇ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಮಗಳಂತೂ ನಕ್ಕು ನಕ್ಕು ನೆಲಕ್ಕೇ ಕುಸಿದಳು. ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಒಂದು ಕುದುರೆಗೆ ಹೆದರಿ ಅರ್ಧ ಆಯುಷ್ಯ ಬಾಯಿ ಮುಚ್ಚಿಕೊಂಡು ಊದಿದವನು ನಾನು. ಆದರೂ ಹೇಳಿದ ಕೂಡಲೇ ತೋಚೀತೇ? ಎರಡನೇ ಸಲ ಹೊರಟಾಗಲೂ ನನ್ನ ಬೆರಳುಗಳು ಹಳೆಯ ದಾರಿಯನ್ನೇ ಹಿಡಿದವು.

ಧುನ್‌ನ ನಡುವೆ ಒಂದು ಏರು ಇದೆ. ಹೆಣ್ಣು ಕಾರಿನ ಬಾಗಿಲಿಗೆ ಕೈ ಇಟ್ಟು ಒಮ್ಮೆ ತಿರುಗಿ ನೋಡುವ ಹೊತ್ತು ಅದು. ಅಲ್ಲಿಗೆ ಬಂದಾಗ ಉಸ್ತಾದರ ಸ್ವರ ಒಡೆಯಿತು. ಹಲ್ಲು ಅಲುಗಿರಬೇಕು. ಒಂದು ಸಣ್ಣ ನರಳಿಕೆ ಕೇಳಿಸಿತು. ಅವರು ವಾದ್ಯ ಇಳಿಸಿ ಪಕ್ಕಕ್ಕೆ ಸರಿದು ಕೈವಸ್ತ್ರವನ್ನು ಬಾಯಿಗೆ ಒತ್ತಿಕೊಂಡರು. ಅದರ ಮೇಲೆ ರಕ್ತ ಕಂಡಿತು. ಚಾಚಿ ಎದ್ದರು. ಮಗಳು ನನ್ನ ಮುಖ ನೋಡಿದಳು.

ಮೆರವಣಿಗೆಯಲ್ಲಿ ಏನೇ ಆದರೂ ಬ್ಯಾಂಡು ನಿಲ್ಲುವಂತಿಲ್ಲ. ಯಾರಾದರೂ ಎಡವಿದರೆ ಉಳಿದವರು ದಾಟಿಕೊಂಡು ನಡೆಯಬೇಕು. ಆ ರೂಢಿಯ ಮೇಲೆ ನನ್ನ ಕಾಲುಗಳು ಉಸ್ತಾದರನ್ನು ದಾಟಿ ಮುಂದೆ ಹೋದವು. ಸಾಲು ಅರ್ಧಕ್ಕೆ ನಿಂತಿತ್ತು, ಮುಗಿಸಬೇಕಿತ್ತು, ತಿರುಗಿ ಹೇಳಲು ನನಗೆ ಏನೂ ಉಳಿದಿರಲಿಲ್ಲ. ಪಕ್ಕದಲ್ಲಿ ಮಗಳು ನಡೆಯುತ್ತಿದ್ದಳು. ಇವಳೂ ಒಂದು ದಿನ ಹೀಗೇ ಕಾರು ಹತ್ತುತ್ತಾಳಲ್ಲ ಅನ್ನಿಸಿತು. ಆಗ ಸ್ಯಾಕ್ಸೋಫೋನಿನಿಂದ ಏನೋ ಬಂತು. ಏರಿನ ಕಡೆ ಹೋಗದೆ ಕೆಳಗಿಳಿದು, ಅಲ್ಲೇ ಎರಡು ಸಲ ಸುಳಿದು, ಕಾರು ಹತ್ತದ ಹೆಣ್ಣಿನ ಹಾಗೆ ಮನೆಯೊಳಗೆ ತಿರುಗಿ ಬಂತು. ಅದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಸಾಲು ಮುಗಿಸಿ ಉಸಿರು ತೆಗೆದುಕೊಂಡೆ. ಆ ಬಿಡುವಿನಲ್ಲಿ ಹಿಂದಿನಿಂದ ಕ್ಲಾರ್ನೆಟ್ ಕೇಳಿಸಿತು. ತೀರ ಕೆಳಗಿನ ಸ್ವರದಲ್ಲಿ, ಹಲ್ಲಿಗೆ ಭಾರ ಬೀಳದ ಕಡೆ, ಮೆತ್ತಗೆ. ನಾನು ಹೇಳಿದ ಸಾಲನ್ನೇ, ಒಂದು ಸ್ವರ ಆಚೀಚೆ ಇಲ್ಲದೆ, ಉಸ್ತಾದರು ತಿರುಗಿ ಹೇಳುತ್ತಿದ್ದರು. ನನಗೆ ಜವಾಬ್ ಕೊಡುತ್ತಿದ್ದರು. ನಾನು ಇನ್ನೊಂದು ಸಾಲು ಹೇಳಿದೆ, ಅದೂ ವಾಪಸು ಬಂತು. ತಿರುಗಿ ನೋಡಿದರೆ ಎಲ್ಲಿ ನಿಲ್ಲಿಸಿಬಿಡುತ್ತಾರೋ ಎಂದು ಹೆದರಿ ಶೆಡ್ಡಿನ ಈ ತುದಿಯಿಂದ ಆ ತುದಿಯ ತನಕ ಕಣ್ಣೀರು ಒರೆಸದೆ ನಡೆದೆ. ಕೊನೆಗೆ ಚಾಚಿ ಅಡ್ಡ ಬಂದು ನಿಂತು, “ಸಾಕು, ಮನುಷ್ಯಾಗ ರಕ್ತ ಬರಾಕತ್ಯದ” ಎಂದು ಬೈದು ನಿಲ್ಲಿಸಿದರು.

ಸೋಮವಾರ ಹಲ್ಲು ತೆಗೆಸಿದ್ದಾಯಿತು. ಹಳ್ಳಿಖೇಡದ ಲಗ್ನಕ್ಕೆ ಅವರಿಲ್ಲದೆ ಹೋದೆವು. ಬಾವು ಇಳಿದು ಜ್ವರ ಬಿಟ್ಟಮೇಲೆ ನಾನೂ ಮಗಳೂ ಒಂದು ಸಂಜೆ ಅವರ ಮನೆಗೆ ಹೋದೆವು. ಅವಳು ಎರಡೂ ಮೈಕಿನದನ್ನು ಕೂಡಿಸಿ ತಂದಿದ್ದಳು. ಉಸ್ತಾದರ ಗಲ್ಲ ಒಳಗೆ ಹೋಗಿ ಮುಖ ಚಿಕ್ಕದಾಗಿತ್ತು. ಮಂಚದ ಮೇಲೆ ಗೋಡೆಗೆ ಒರಗಿ ಕೇಳಿದರು. ಮೊದಲ ಸಲ ತಮ್ಮದೇ ಕ್ಲಾರ್ನೆಟ್ ಹೊರಗಿನಿಂದ ಕೇಳುತ್ತಿದ್ದರು. ಮೊದಲ ಸಾಲು ಬಂದಾಗ ನಾಚಿದವರ ಹಾಗೆ ಮೀಸೆ ಸವರಿಕೊಂಡರು. ಏರಿನಲ್ಲಿ ಸ್ವರ ಒಡೆಯುವಲ್ಲಿ ಚಾಚಿ ಮುಖ ಆಚೆ ತಿರುಗಿಸಿದರು. ಆಮೇಲೆ ನನ್ನ ಸಾಲು, ಅವರ ಜವಾಬು, ನನ್ನ ಸಾಲು, ಅವರ ಜವಾಬು. ಮುಗಿದಮೇಲೂ ಉಸ್ತಾದರು ಕಣ್ಣು ತೆರೆಯಲಿಲ್ಲ. ಸೇರಲಿಲ್ಲವೇನೋ ಎಂದು ನನಗೆ ಅಳುಕಾಯಿತು.

“ಇಷ್ಟು ವರ್ಷ ಮುಂದ ನಡದೀನಿ. ಹಿಂದ ನಡದ್ರ ಮುಂದಿಂದು ಇಷ್ಟು ಛಲೋ ಕೇಳಸ್ತದಂತ ನನಗ ಯಾರೂ ಹೇಳಿದ್ದಿಲ್ಲ” ಎಂದರು.

ಹಿಂದೆ ನಡೆದ ನಮಗೆಲ್ಲ ಅದು ಗೊತ್ತಿತ್ತು. ಪ್ರತಿ ಲಗ್ನದಲ್ಲೂ ಕೇಳಿದ್ದೆವು. ಅವರಿಗೂ ಗೊತ್ತೇ ಇರುತ್ತದೆ ಎಂದುಕೊಂಡಿದ್ದೆವು. ನಾನು ಅವರ ಕಾಲ ಬಳಿ ಕೂತು, ಮಗಳು ಎದುರಿಗಿದ್ದಾಳೆಂದೂ ನೋಡದೆ, ಅಳುತ್ತಲೇ ಹೇಳಿದೆ.

“ನಿಮ್ಮದು ಯಾವಾಗಲೂ ಭಾಳ ಛಲೋ ಕೇಳಸ್ತಿತ್ತು ಉಸ್ತಾದ್.”

ಅವರು ಹಲ್ಲಿಲ್ಲದ ಬಾಯಿ ತುಂಬ ನಕ್ಕರು. “ಈಗ ಹೇಳ್ತಿ?” ಎಂದು ನನ್ನ ತಲೆಗೆ ಮೆಲ್ಲಗೆ ಮೊಟಕಿ, ಮತ್ತೊಮ್ಮೆ ಹಚ್ಚು ಎಂದು ಮಗಳಿಗೆ ಕೈಸನ್ನೆ ಮಾಡಿದರು.